ಬಾಲ ಹಿಡಿಯುವ ವಿದ್ಯೆ

ಆ ಪಶುವೈದ್ಯ ಕಾಲೇಜಿನಲ್ಲಿ ಹುಡುಗಿಯರಿಗೆ ಕಲಿಸುತ್ತಿದ್ದ ಮೊದಲ ವಿದ್ಯೆ ಹಸುವಿನ ಬಾಲ ಹಿಡಿಯುವುದು. ಕೊನೆಯ ವಿದ್ಯೆಯೂ ಅದೇ. ನಡುವೆ ಪುಸ್ತಕಗಳಿದ್ದವು. ಹುಡುಗಿಯರು ಅವನ್ನು ಅರೆದು ಕುಡಿದು ಹುಡುಗರಿಗಿಂತ ಹೆಚ್ಚು ಅಂಕ ತೆಗೆಯುತ್ತಿದ್ದರು. ಅದಕ್ಕೆ ಯಾರದೂ ತಕರಾರಿರಲಿಲ್ಲ. ಪುಸ್ತಕಕ್ಕೆ ಬಾಲ ಇರುವುದಿಲ್ಲವಲ್ಲ.

ಪ್ರಾಕ್ಟಿಕಲ್ ದಿನ ಕಾಲೇಜಿನ ಕೊಟ್ಟಿಗೆಯಿಂದ ಒಂದು ಹಸುವನ್ನು ತಂದು ಟ್ರೆವಿಸ್‌ಗೆ ನುಗ್ಗಿಸುತ್ತಿದ್ದರು. ಟ್ರೆವಿಸ್ ಎಂದರೆ ಹಸು ಹಿಂದೆ ಮುಂದೆ ಸರಿಯದಂತೆ ತಡೆದು ನಿಲ್ಲಿಸುವ ಕಬ್ಬಿಣದ ಕಂಬಿಗಳ ಚೌಕಟ್ಟು. ಹಸು ನಿಂತ ಮೇಲೆ ದೊಡ್ಡ ಮೇಷ್ಟ್ರು ಬರುತ್ತಿದ್ದರು. ಅವರು ಆ ವಿಭಾಗದ ಮುಖ್ಯಸ್ಥರು. ಬಂದವರದು ಒಂದೇ ಮಾತು.

"ಹುಡುಗರು ಗ್ಲೌಸು. ಹುಡುಗೀರು ಬಾಲ."

ಹುಡುಗರು ಭುಜದವರೆಗೆ ಬರುವ ಪ್ಲಾಸ್ಟಿಕ್ ಗ್ಲೌಸು ಏರಿಸಿಕೊಂಡು ಸಾಲಾಗಿ ನಿಲ್ಲುತ್ತಿದ್ದರು. ಒಬ್ಬೊಬ್ಬನಾಗಿ ಹಸುವಿನ ಹಿಂಬದಿಯಿಂದ ಕೈ ಒಳಗೆ ಹಾಕಿ, ಕರುಳಿನ ಗೋಡೆಯ ಮೇಲಿಂದಲೇ ಗರ್ಭಕೋಶವನ್ನು ತಡವಿ, ಹಸು ಗಬ್ಬವೋ ಅಲ್ಲವೋ, ಗಬ್ಬವಾದರೆ ಎಷ್ಟು ತಿಂಗಳು ಎಂದು ಹೇಳಬೇಕು. ಕಣ್ಣಿಗೆ ಏನೂ ಕಾಣದ ಕೆಲಸ. ಬೆರಳೇ ಕಣ್ಣು. ಮೇಷ್ಟ್ರು ಪಕ್ಕದಲ್ಲೇ ನಿಂತು, "ಇನ್ನೂ ಮುಂದೆ ಹೋಗು. ಕೆಳಗೆ. ಈಗ ಸಿಕ್ತಲ್ಲ, ಅದೇ. ಮೆತ್ತಗೆ ಹಿಡಿ, ಹಿಚುಕಬೇಡ" ಎಂದು ಹೇಳಿಕೊಡುತ್ತಿದ್ದರು. ಆ ಹೊತ್ತಿಗೆ ಬಾಲ ಅಡ್ಡ ಬರಬಾರದು. ಸಗಣಿ ಮೆತ್ತಿದ ಬಾಲವನ್ನು ಪಕ್ಕಕ್ಕೆ ಎಳೆದು ಹಿಡಿಯಲು ಒಬ್ಬರು ಬೇಕು. ಅದಕ್ಕೆ ಒಬ್ಬ ಹುಡುಗಿ.

ಯಾಕೆ ಎಂದು ಕೇಳಿದರೆ ಮೇಷ್ಟ್ರಲ್ಲಿ ಉತ್ತರ ಸಿದ್ಧವಾಗಿತ್ತು. "ಹಸು ಒಳಗಿಂದ ಕೈಯನ್ನ ಅಮುಕುತ್ತೆ ಕಣ್ರಮ್ಮಾ. ಗಂಡಸರ ಕೈಯೇ ಮರಗಟ್ಟಿ ಹೋಗುತ್ತೆ. ಹೆಣ್ಣಿನ ಕೈಯಲ್ಲಿ ಅಷ್ಟು ಬಲ ಎಲ್ಲಿಂದ ಬರ್ಬೇಕು? ನೀವೆಲ್ಲ ಮುಂದೆ ನಾಯಿ ಬೆಕ್ಕು ನೋಡ್ಕೊಂಡು ಫ್ಯಾನ್ ಕೆಳಗೆ ಆರಾಮಾಗಿರೋರು. ಈ ಕಷ್ಟ ನಿಮಗ್ಯಾಕೆ?"

ಸಿಟ್ಟಿನಿಂದ ಹೇಳಿದ್ದರೆ ಎದುರು ಮಾತಾಡಬಹುದಿತ್ತು. ಅವರು ಅಕ್ಕರೆಯಿಂದ ಹೇಳುತ್ತಿದ್ದರು. ಅಕ್ಕರೆಯಿಂದ ಕತ್ತು ಹಿಸುಕುವವರ ಕೈ ಬಿಡಿಸುವುದು ಕಷ್ಟ.

ಹಾಗೆ ಹೇಳುವಾಗ ಅವರ ಬೆನ್ನ ಹಿಂದೆಯೇ ಹೆಂಗಸರು ಸಗಣಿ ಬಾಚುತ್ತಿದ್ದರು. ಕೊಟ್ಟಿಗೆಯ ಸಗಣಿ ಕೆಲಸಕ್ಕೆ ಒಬ್ಬನೇ ಒಬ್ಬ ಗಂಡಸಿರಲಿಲ್ಲ. ಸಲಿಕೆಯಲ್ಲಿ ಬಾಚಿ, ಬುಟ್ಟಿಗೆ ತುಂಬಿ, ಬುಟ್ಟಿಯನ್ನು ಮೊಣಕಾಲಿಗೆ, ಮೊಣಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ತಲೆಗೆ ಏರಿಸಿ, ಹಿಂದಿನ ಗೊಬ್ಬರದ ಗುಂಡಿಗೆ ಸುರಿದು ಬರಬೇಕು. ಬರುವಷ್ಟರಲ್ಲಿ ಹಸುಗಳು ಮತ್ತೆ ಹಾಕಿರುತ್ತವೆ. ಹಸುವಿಗೆ ಭಾನುವಾರ ಇಲ್ಲ. ಗಂಜಲದಲ್ಲಿ ನೆನೆದು ನೆನೆದು ಹಿಮ್ಮಡಿ ಬಿರಿದು, ಆ ಬಿರುಕಿಗೆ ಮತ್ತೆ ಗಂಜಲವೇ ಇಳಿದು ಉರಿಯುತ್ತಿತ್ತು. ಹಸಿ ಸಗಣಿಯ ಬುಟ್ಟಿ ಎತ್ತಲು ಹೆಣ್ಣಿನ ಕೈಬಲ ಸಾಕಾಗುತ್ತಿತ್ತು. ಹಸುವಿನೊಳಗೆ ಕೈ ಹಾಕಲು ಮಾತ್ರ ಸಾಲುತ್ತಿರಲಿಲ್ಲ. ಈ ಲೆಕ್ಕ ಹೇಳಿಕೊಟ್ಟ ಪುಣ್ಯಾತ್ಮ ಯಾರೋ.

ಆ ಹೆಂಗಸರಲ್ಲಿ ಒಬ್ಬಳ ಮಗಳು ಅದೇ ಕಾಲೇಜಿನಲ್ಲಿ ಓದುತ್ತಿದ್ದಳು.

ಯಾರ ಶಿಫಾರಸೂ ಇಲ್ಲದೆ ಸೀಟು ಗಿಟ್ಟಿಸಿದವಳು. ಸೇರಿದ ವಾರದೊಳಗೆ ಅವಳು ಯಾರ ಮಗಳೆಂದು ತರಗತಿಗೆಲ್ಲ ಗೊತ್ತಾಯಿತು. ಹುಡುಗರು ಅವಳಿಗೆ 'ಸಗಣಿ' ಎಂದು ಹೆಸರಿಟ್ಟರು. ಮೊದಮೊದಲು ಬೆನ್ನ ಹಿಂದೆ ಕರೆದರು, ಆಮೇಲೆ ಮುಖಕ್ಕೇ ಕರೆದರು, ಆಮೇಲೆ ಅದು ಬೈಗುಳ ಎನ್ನುವುದೇ ಅವರಿಗೆ ಮರೆತುಹೋಯಿತು. "ಸಗಣಿ, ನೋಟ್ಸ್ ಕೊಡೇ" ಎಂದು ಸ್ನೇಹದಿಂದಲೇ ಕೇಳುತ್ತಿದ್ದರು.

ಅವ್ವನಿಗೆ ಮಾತ್ರ ಅವಳು ಆಗಲೇ ಡಾಕ್ಟರು. ಗಂಡ ಸತ್ತ ಮೇಲೆ ಸಲಿಕೆ ಹಿಡಿದ ಅವ್ವ ಅದನ್ನು ಕೆಳಗಿಟ್ಟಿರಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಅವಳ ಕೈ ಕೆಸರಾಗಿ ಒಂದು ಕಾಲವೇ ಆಗಿತ್ತು, ಮೊಸರು ಇನ್ನೂ ಹೆಪ್ಪುಗಟ್ಟಿರಲಿಲ್ಲ. ಸೊಂಟ ಹಿಡಿದುಕೊಂಡು ಮಲಗುವಾಗ ದಿನಾ ಒಂದೇ ಮಾತು ಹೇಳುತ್ತಿದ್ದಳು.

"ನೀನು ಪಾಸಾದ ದಿನ ಆ ಸಲಿಕೆನ ಗುಂಡಿಗೆ ಎಸ್ದು ಬಂದ್ಬಿಡ್ತೀನಿ ಕಣೇ. ಹಿಂದೆ ತಿರುಗಿ ನೋಡಲ್ಲ."

ಎರಡನೆಯ ವರ್ಷದಲ್ಲಿ ಮಗಳು ಒಮ್ಮೆ ಬಾಯಿಬಿಟ್ಟು ಕೇಳಿದ್ದಳು. "ಸಾರ್, ನಾನೂ ಒಂದ್ಸಲ ನೋಡ್ತೀನಿ. ನನಗೂ ಒಂದು ಗ್ಲೌಸ್ ಕೊಡಿ."

ಮೇಷ್ಟ್ರಿಗಿಂತ ಮೊದಲು ಲೀಡರ್ ಬಾಯಿ ಹಾಕಿದ. ತರಗತಿಯ ನಾಯಕನಾದ್ದರಿಂದ ಎಲ್ಲರೂ ಅವನನ್ನು ಹಾಗೆ ಕರೆಯುತ್ತಿದ್ದರು. ಉದ್ದನೆಯ ಆಳು, ಮಾತಿನಮಲ್ಲ. "ಇವಳಿಗೆ ಗ್ಲೌಸ್ ಯಾಕೆ ಸಾರ್ ದಂಡ? ಇವರ ಮನೇಲಿ ಬರಿಗೈಲೇ ಬಾಚಿ ಅಭ್ಯಾಸ."

ಹುಡುಗರು ನಕ್ಕರು. ಹುಡುಗಿಯರಲ್ಲೂ ಕೆಲವರು ನಕ್ಕರು. ಮೇಷ್ಟ್ರು, "ಏಯ್, ಹಾಗೆಲ್ಲ ಅನ್ಬಾರ್ದು ಕಣೋ" ಎಂದು ಗದರಿದರು, ಗದರುತ್ತಲೇ ನಕ್ಕರು. ಅದ್ಯಾವುದೂ ಮಗಳಿಗೆ ಅಷ್ಟಾಗಿ ನಾಟಲಿಲ್ಲ. ಬುಟ್ಟಿ ಹೊತ್ತು ಅಲ್ಲೇ ಹಾದುಹೋಗುತ್ತಿದ್ದ ಅವ್ವನೂ ನಕ್ಕಿದ್ದಳು. ದೊಡ್ಡವರು ನಗುವಾಗ ತಾನೂ ನಗದಿದ್ದರೆ ಕೂಳಿಗೆ ಕುತ್ತು ಎಂದು ಕಲಿತವರ ನಗು ಅದು. ಅದು ನಾಟಿತು.

ಮನೆಗೆ ಬಂದ ಮೇಲೆ ಕೇಳಿದಳು. "ನೀನ್ಯಾಕೆ ನಕ್ಕೆ?"

"ನಗದೆ ಅಳ್ಬೇಕಿತ್ತಾ?" ಎಂದಳು ಅವ್ವ. "ಅತ್ರೆ ಬುಟ್ಟಿ ಹಗುರ ಆಗುತ್ತಾ? ಓದೋಕೆ ಬಿಟ್ಟಿದಾರಲ್ಲ, ಓದು. ಬಾಲ ಹಿಡಿ ಅಂದ್ರೆ ಹಿಡಿ. ಅದರಲ್ಲೇನು ಗಂಟು ಹೋಗುತ್ತೆ?"

ತರಗತಿಯಲ್ಲಿ ಅವಳಿಗೆ ಹತ್ತಿರದವಳು ಎಂದರೆ ಕನ್ನಡಕದವಳು. ಒಳ್ಳೆಯ ಹುಡುಗಿ, ಯಾರ ತಂಟೆಗೂ ಹೋಗದವಳು. ಅವಳದೂ ಅದೇ ಮಾತು. "ಸುಮ್ನಿರೇ. ಹೆಂಗಿದ್ರೂ ಪಾಸಾಗ್ತೀವಿ." ಹುಡುಗರಿಗೂ ಹುಡುಗಿಯರಿಗೂ ಒಂದು ಒಪ್ಪಂದ ತಾನಾಗಿಯೇ ಬೆಳೆದಿತ್ತು. ಪ್ರಾಕ್ಟಿಕಲ್ ಮುಗಿದ ಮೇಲೆ ಹುಡುಗರು ಒಳಗೆ ಏನು ಸಿಕ್ಕಿತೆಂದು ಹೇಳುವುದು, ಹುಡುಗಿಯರು ಅದನ್ನು ತಾವೇ ಮುಟ್ಟಿ ನೋಡಿದಂತೆ ಬರೆದುಕೊಳ್ಳುವುದು. ಬದಲಿಗೆ ಹುಡುಗಿಯರು ತಮ್ಮ ನೋಟ್ಸು ಕೊಡುವುದು. "ನಿಮಗೇನ್ರೇ, ಪುಣ್ಯವಂತರು" ಎನ್ನುತ್ತಿದ್ದ ಲೀಡರ್. "ಕೈಗೆ ಕೊಳೆ ಇಲ್ಲ, ಮಾರ್ಕ್ಸಿಗೆ ಕೊರತೆ ಇಲ್ಲ. ನಾವು ಸಗಣಿಯೊಳಗೆ ಸಾಯ್ಬೇಕು." ಅವನು ಅದನ್ನು ನಿಜವಾಗಿಯೂ ನಂಬಿದ್ದ. ಮಗಳೂ ಎಲ್ಲರಂತೆ ಬರೆದಳು. ಎಲ್ಲರಿಗಿಂತ ಚೆನ್ನಾಗಿ ಬರೆದಳು. ತಾನು ಮುಟ್ಟದ ಹಸುವಿನ ಬಗ್ಗೆ ಅಷ್ಟು ಚೆನ್ನಾಗಿ ಬರೆಯಬಹುದೆಂದು ತಿಳಿದಾಗ ಅವಳಿಗೇ ಹೇಸಿಗೆಯಾಯಿತು.

ಒಂದು ಬೆಳಗ್ಗೆ ಅವ್ವನ ಜೊತೆ ಬೇಗ ಕೊಟ್ಟಿಗೆಗೆ ಹೋದವಳು ಯಾರೂ ಇಲ್ಲದ್ದು ನೋಡಿ, ತೋಳಿಗೆ ಸೋಪು ಸವರಿಕೊಂಡು, ಮೂಲೆಯ ಸಾಧು ಹಸುವೊಂದರ ಒಳಗೆ ಕೈ ಹಾಕಿಯೇ ಬಿಟ್ಟಳು. ಬೆಚ್ಚಗಿತ್ತು. ಏನೋ ಮೆತ್ತಗೆ ಸಿಕ್ಕಿತು, ಆಮೇಲೆ ಏನೋ ದುಂಡಗೆ ಸಿಕ್ಕಿತು. ಮೂತ್ರಕೋಶವೋ, ಗರ್ಭಕೋಶವೋ, ಹೊಟ್ಟೆಯ ಮೇವಿನ ಮುದ್ದೆಯೋ? ಪುಸ್ತಕದ ಚಿತ್ರದಲ್ಲಿ ಒಂದೊಂದಕ್ಕೂ ಒಂದೊಂದು ಬಣ್ಣ ಇತ್ತು. ಇಲ್ಲಿ ಕತ್ತಲು. ಪಕ್ಕದಲ್ಲಿ ನಿಂತು 'ಅದೇ ನೋಡು, ಅದು ಇದು' ಎನ್ನುವ ಒಂದು ದನಿ ಇಲ್ಲದಿದ್ದರೆ ಕೈಗೆ ಸಿಕ್ಕದ್ದು ಸಿಕ್ಕಂತಲ್ಲ.

ದನಿ ಬಂತು. ಕೊಟ್ಟಿಗೆಯ ಮೇಸ್ತ್ರಿಯದು. ಹೆಂಗಸರನ್ನು ಕೆಲಸಕ್ಕೆ ಇಡುವವನೂ ಬಿಡಿಸುವವನೂ ಅವನೇ. "ಏನಿದು? ನಿನ್ನಪ್ಪನ ಮನೆ ಹಸುನಾ?" ಮಗಳನ್ನು ಅಷ್ಟಕ್ಕೇ ಬಿಟ್ಟು ಅವ್ವನ ಕಡೆ ತಿರುಗಿದ. "ನಾಳೆಯಿಂದ ನೀನು ಕೆಲಸಕ್ಕೆ ಬರ್ಬೇಡ." ಅವ್ವ ಓಡಿಬಂದು ಅವನ ಕಾಲು ಹಿಡಿದಳು. ಸಗಣಿಯ ಕೈ ಅವನ ಬೂಟಿಗೆ ತಾಕಿತು. ಅವನು ಬೂಟು ಕೊಡವಿಕೊಂಡು, ಇದೊಂದು ಸಲ ಬಿಟ್ಟಿದೀನಿ ಎಂದ. ಅದನ್ನು ನೋಡಿದ ಮೇಲೆ ಮಗಳು ಮತ್ತೆ ಕೊಟ್ಟಿಗೆಯಲ್ಲಿ ಕೈ ಚಾಚಲಿಲ್ಲ. ಐದು ವರ್ಷ ಬಾಲ ಹಿಡಿದಳು.

*

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಹೊರಗಿನಿಂದ ಬರುವ ಪರೀಕ್ಷಕರು ಹುಡುಗಿಯರನ್ನು ಮೇಜಿನ ಮುಂದೆ ಕೂರಿಸಿ ನಾಲ್ಕು ಪ್ರಶ್ನೆ ಕೇಳಿ ಕಳಿಸುವುದು ವಾಡಿಕೆ. ಆ ಸಲ ಬಂದವರು ಹೊಸಬರು. ವಾಡಿಕೆ ಗೊತ್ತಿರಲಿಲ್ಲ. ಬಂದವರೇ, "ಎಲ್ರೂ ಹಸು ನೋಡಿ ಹೇಳ್ಬೇಕು" ಎಂದುಬಿಟ್ಟರು.

ದೊಡ್ಡ ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಆದರೆ ಅವರು ಏಳು ಕೆರೆಯ ನೀರು ಕುಡಿದವರು. ಹುಡುಗಿಯರನ್ನು ಗೋಡೆಯ ಮರೆಗೆ ಕರೆದರು. "ಹೆದರ್ಬೇಡಿ ಮಕ್ಕಳೇ, ನಾನಿದೀನಿ. ಕೈ ಹಾಕಿದ ಹಾಗೆ ಮಾಡಿ. ನಾನು ಅವರ ಹಿಂದೆ ನಿಂತಿರ್ತೀನಿ. ಎಷ್ಟು ಬೆರಳು ತೋರಿಸ್ತೀನೋ ಅಷ್ಟು ತಿಂಗಳು. ಬೆರಳು ತೋರಿಸ್ದೆ ತಲೆ ಆಡಿಸಿದ್ರೆ ಗಬ್ಬ ಇಲ್ಲ. ತಿಳೀತಾ?" ಕನ್ನಡಕದವಳಿಗೆ ಹೋದ ಜೀವ ಬಂದಂತಾಯಿತು. ನಿಜ ಹೇಳಬೇಕೆಂದರೆ ಮಗಳಿಗೂ ಬಂತು.

ಹುಡುಗಿಯರಲ್ಲಿ ಮೊದಲು ಕರೆದದ್ದು ಅವಳನ್ನೇ. ಪರೀಕ್ಷಕರು ಗ್ಲೌಸು ಕೊಟ್ಟರು. ಅವಳ ಬಾಳಿನ ಮೊದಲ ಗ್ಲೌಸು. ಬೆರಳಿಗೆ ಬೆರಳು ಕೂರಿಸಿ ಭುಜದವರೆಗೆ ಎಳೆದುಕೊಂಡಳು. ಟ್ರೆವಿಸ್ ಹತ್ತಿರ ನಡೆದಳು. ನಡೆದು ಹೋಗಿ, ಹಸುವಿನ ಪಕ್ಕಕ್ಕೆ ನಿಂತು, ಆ ಗ್ಲೌಸು ಹಾಕಿದ ಕೈಯಿಂದ ಬಾಲ ಹಿಡಿದು ಪಕ್ಕಕ್ಕೆ ಎಳೆದು, ನಿಂತಳು.

ಯಾರಿಗಾಗಿ ನಿಂತಳೋ ಅವಳಿಗೇ ಗೊತ್ತಿಲ್ಲ. ಕಾಲು ತಾನಾಗಿ ಆ ಜಾಗಕ್ಕೆ ಹೋಗಿತ್ತು, ಕೈ ತಾನಾಗಿ ಬಾಲಕ್ಕೆ ಹೋಗಿತ್ತು.

"ಬಾಲ ಯಾಕಮ್ಮಾ ಹಿಡ್ಕೊಂಡೆ?" ಎಂದರು ಪರೀಕ್ಷಕರು. "ಪರೀಕ್ಷೆ ನಿಂದು. ಹಸು ನೋಡು."

ಸಾಲಿನಲ್ಲಿ ನಿಂತ ಹುಡುಗರು ಬಿದ್ದು ಬಿದ್ದು ನಕ್ಕರು. ಈ ಸಲ ಕೊಟ್ಟಿಗೆಯ ಕಡೆಯಿಂದ ನಗು ಬರಲಿಲ್ಲ. ಅವ್ವ ಬುಟ್ಟಿ ಇಳಿಸಿ ಕಂಬಿಯ ಆಚೆ ನಿಂತಿದ್ದಳು. ಮಗಳ ಪರೀಕ್ಷೆ ನೋಡಬೇಕೆಂದು ಅವತ್ತು ಮೇಸ್ತ್ರಿಯ ಅಪ್ಪಣೆ ಕೇಳಿಕೊಂಡಿದ್ದಳು.

ಮಗಳು ಬಾಲ ಬಿಟ್ಟಳು. ಕನ್ನಡಕದವಳು ಬಂದು ಬಾಲ ಹಿಡಿದಳು. ಮಗಳು ಕೈ ಒಳಗೆ ಹಾಕಿದಳು. ಮಣಿಕಟ್ಟು, ಮೊಣಕೈ, ಭುಜ. ಕೆನ್ನೆ ಹಸುವಿನ ಮೈಗೆ ಒತ್ತಿತು. ಕರುಳು ಕೈಯನ್ನು ಬಿಗಿಯಾಗಿ ಅಮುಕಿ ಹಿಡಿಯಿತು, ಸಡಿಲವಾಯಿತು, ಮತ್ತೆ ಅಮುಕಿತು. ನೋವಾಯಿತು. ತಡೆಯಲಾರದಂಥ ನೋವೇನಲ್ಲ. ಇದಕ್ಕಾ, ಇಷ್ಟಕ್ಕಾ ಐದು ವರ್ಷ ನನ್ನನ್ನು ಹೊರಗೆ ನಿಲ್ಲಿಸಿದ್ದು ಎಂದುಕೊಂಡಳು. ಬೆರಳಾಡಿಸಿದಳು. ಏನೋ ಸಿಕ್ಕಿತು. ಮೆತ್ತಗೆ, ನೀರು ತುಂಬಿದಂತೆ, ಜಾರುತ್ತಿತ್ತು. ಅದರ ಪಕ್ಕ ಇನ್ನೊಂದು. ಓದಿದ್ದೆಲ್ಲ ತಲೆಯಲ್ಲಿ ಸರಾಗವಾಗಿ ಹರಿಯಿತು, ಪುಟದ ಸಂಖ್ಯೆ ಸಮೇತ. ಬೆರಳಿಗೆ ಅದರಲ್ಲಿ ಒಂದಕ್ಷರವೂ ತಿಳಿಯಲಿಲ್ಲ.

"ಗಬ್ಬ ಇದ್ಯಾ? ಎಷ್ಟು ತಿಂಗಳು?"

ಪರೀಕ್ಷಕರ ಭುಜದ ಹಿಂದೆ ದೊಡ್ಡ ಮೇಷ್ಟ್ರ ಕೈ ಎದ್ದಿತು. ನಾಲ್ಕು ಬೆರಳು. ಅವರ ಕಣ್ಣು ಬೇಡಿಕೊಳ್ಳುತ್ತಿತ್ತು, ಹೇಳಮ್ಮಾ, ಹೇಳಿಬಿಡು ಎಂದು.

ನಾಲ್ಕು ಎನ್ನಲು ಎಷ್ಟು ಉಸಿರು ಬೇಕು? ಅಷ್ಟು ಹೇಳಿದರೆ ಅವಳು ಡಾಕ್ಟರು. ಅಷ್ಟು ಹೇಳಿದರೆ ಅವ್ವನ ಸೊಂಟಕ್ಕೆ ಬಿಡುಗಡೆ. ಮಗಳು ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಅವಳ ಕಣ್ಣಿಗೆ ಯಾರದೋ ಅಂಗಳ ಬಂತು. ಒಂದೇ ಹಸು ಇರುವ ಯಾವಳೋ ಒಬ್ಬಳು, ಅವ್ವನ ವಯಸ್ಸಿನವಳು, ಬಿಸಿನೀರು ಹಿಡಿದು ನಿಂತು, 'ಡಾಕ್ಟ್ರಮ್ಮಾ, ಏನಾಗಿದೆ ನೋಡಿ' ಎನ್ನುತ್ತಾಳೆ. ಆಗ ಯಾರ ಭುಜದ ಹಿಂದೆ ಬೆರಳು ಹುಡುಕುವುದು?

"ಗೊತ್ತಿಲ್ಲ ಸಾರ್" ಎಂದಳು.

ನಾಲ್ಕು ಬೆರಳು ಗಾಳಿಯಲ್ಲಿ ಅಲುಗಿದವು.

"ತಿಂಗಳು ಬಿಡು. ಗಬ್ಬ ಇದೆಯೋ ಇಲ್ವೋ, ಅಷ್ಟಾದ್ರೂ ಹೇಳು."

"ಗೊತ್ತಿಲ್ಲ ಸಾರ್."

ಪರೀಕ್ಷಕರಿಗೆ ರೇಗಿತು. "ಏನಮ್ಮಾ ಇದು? ಐದು ವರ್ಷ ಏನ್ ಮಾಡ್ದೆ ಮತ್ತೆ?"

"ಬಾಲ ಹಿಡ್ಕೊಂಡಿದ್ದೆ ಸಾರ್."

ಸಾಲಿನಿಂದ ಲೀಡರ್ ಗೊಣಗಿದ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ."

"ಕುಣಿಯೋಕೆ ಬಿಟ್ಟಿದ್ರಾ?" ಮಗಳು ಅಲ್ಲಿಂದಲೇ ಕಿರುಚಿದಳು. "ನೆಲದ ಮೇಲೆ ಕಾಲಿಡೋಕೆ ಬಿಟ್ಟಿದ್ರೇನೋ ನನ್ನನ್ನ?"

ದೊಡ್ಡ ಮೇಷ್ಟ್ರು ಪರೀಕ್ಷಕರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಪಿಸುಗುಟ್ಟಿದರು. ಟೆನ್ಷನ್ನು, ಹೆಣ್ಣುಮಗು, ಥಿಯರಿಯಲ್ಲಿ ಮೊದಲು, ಬಡವರ ಮನೆ ಎಂಬ ಮಾತುಗಳು ಕೇಳಿಸಿದವು. ಪರೀಕ್ಷಕರು ತಲೆದೂಗಿದರು. ಅವರ ಕೋಪ ಇಳಿದು ಮುಖದಲ್ಲಿ ಕನಿಕರ ಬಂತು. ಅದೇ ಹಳೆಯ ಅಕ್ಕರೆ. "ನಮ್ಮಲ್ಲೂ ಹೆಚ್ಚುಕಮ್ಮಿ ಹೀಗೇ ಬಿಡಿ" ಎಂದು ಮೇಷ್ಟ್ರಿಗೆ ಹೇಳಿ, ಅವಳ ಕಡೆ ತಿರುಗಿದರು.

"ಆಯ್ತಮ್ಮಾ, ಕೈ ತೆಗಿ. ಪಾಸ್ ಮಾಡ್ತೀನಿ. ನೀನೇನು ಹಳ್ಳಿ ಹಳ್ಳಿ ತಿರುಗಿ ಹಸು ನೋಡ್ತೀಯಾ? ನಾಯಿ ಬೆಕ್ಕು ನೋಡ್ಕೊಂಡಿರು."

"ತೆಗಿಯಲ್ಲ ಸಾರ್."

"ಏನು?"

"ಈಗ ನನ್ನ ಬೆರಳಿಗೆ ಏನೋ ಸಿಕ್ಕಿದೆ. ಅದು ಏನು ಅಂತ ಹೇಳಿ. ಹೇಳೋವರೆಗೂ ಕೈ ತೆಗಿಯಲ್ಲ. ಹುಡುಗರಿಗೆ ಹೇಳ್ತೀರಲ್ಲ, ಎಡಕ್ಕೆ, ಕೆಳಗೆ, ಅದೇ ನೋಡು ಅಂತ. ನನಗೂ ಹೇಳಿ."

ಹಸುವಿಗೆ ನೋವಾಗದಂತೆ ಬೆರಳು ಸಡಿಲ ಬಿಟ್ಟು, ಕಾಲೂರಿ ನಿಂತಳು. ಯಾರು ಹೇಳಬೇಕು? ದೊಡ್ಡ ಮೇಷ್ಟ್ರು ಪರೀಕ್ಷಕರ ಮುಖ ನೋಡಿದರು, ಪರೀಕ್ಷಕರು ಗಡಿಯಾರ ನೋಡಿದರು. ಒಂದು ಮಾತಿನ ಕೆಲಸ. ಇಬ್ಬರೂ ಕಲಿತವರು, ಇಬ್ಬರಿಗೂ ಗೊತ್ತು. ಹೇಳಲಿಲ್ಲ. ಹೇಳಿದರೆ ಐದು ವರ್ಷ ಹೇಳಿರಲಿಲ್ಲ ಎಂದು ಒಪ್ಪಿಕೊಂಡಂತಾಗುತ್ತಿತ್ತು.

ಮೇಷ್ಟ್ರು ಕಂಬಿಯ ಆಚೆ ನಿಂತಿದ್ದ ಅವ್ವನನ್ನು ಕರೆದರು. "ಏನಮ್ಮಾ ನೋಡ್ತಾ ನಿಂತಿದೀಯಾ? ನಿನ್ನ ಮಗಳಿಗೆ ಬುದ್ಧಿ ಹೇಳು. ಪಾಸ್ ಮಾಡ್ತೀವಿ ಅಂದ್ರೂ ರಂಪ ಮಾಡ್ತಿದಾಳೆ."

ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಕೈ ತೆಗಿಯೇ ತಾಯಿ. ಪಾಸು ಅಂತಿದಾರಲ್ಲ. ಇನ್ನೇನು ಬೇಕು ನಿನಗೆ? ನನ್ನ ಸೊಂಟ ನೋಡೇ. ಇನ್ನು ನನ್ನ ಕೈಲಾಗಲ್ಲ ಕಣೇ."

ಮಗಳು ಹಸುವಿನ ಮೈಗೆ ಮುಖ ಒತ್ತಿಕೊಂಡಳು. ಅವ್ವನ ಮುಖ ನೋಡಿದ್ದರೆ ಸೋತುಬಿಡುತ್ತಿದ್ದಳು. "ಇಲ್ಲ ಅವ್ವ" ಎಂದಳು. ಅಷ್ಟು ಕೆಟ್ಟ ಮಾತನ್ನು ಅವಳು ಅವ್ವನಿಗೆ ಹಿಂದೆಂದೂ ಆಡಿರಲಿಲ್ಲ.

ಕೊನೆಗೆ ತೀರ್ಮಾನ ಮಾಡಿದ್ದು ಹಸು. ಅದಕ್ಕೂ ಸಾಕಾಗಿತ್ತು. ಬೆನ್ನು ಬಿಲ್ಲಿನಂತೆ ಬಾಗಿಸಿ ಒಮ್ಮೆ ತಿಣುಕಿತು. ಸಗಣಿಯ ಜೊತೆ ಅವಳ ಕೈಯನ್ನೂ ಹೊರಗೆ ತಳ್ಳಿತು. ಕತ್ತಿನಿಂದ ಕಾಲಿನವರೆಗೆ ಸಗಣಿ. ಲೀಡರ್ ನಗಲು ಹೊರಟವನು ಯಾರೂ ನಗದ್ದು ನೋಡಿ ಕೆಮ್ಮಿದ.

"ಫೇಲ್ ಅಂತ ಹಾಕಿ ಸಾರ್" ಎಂದಳು ಮಗಳು. "ನಿಮ್ಮ ಕನಿಕರದ ಪಾಸು ಬೇಡ ನನಗೆ. ಫೇಲಾದವರಿಗೆ ಮತ್ತೆ ಕಲಿಸ್ಬೇಕು ಅಂತ ರೂಲ್ಸಿದೆ. ಕಲಿಸಲಿ."

"ತಲೆ ಕೆಟ್ಟಿದ್ಯಾ?" ದೊಡ್ಡ ಮೇಷ್ಟ್ರ ಅಕ್ಕರೆ ಮೊದಲ ಸಲ ಕಳಚಿಬಿತ್ತು. "ಆರು ತಿಂಗಳು ಹಾಳು ಮಾಡ್ಕೊಳ್ತೀಯಾ?"

"ಐದು ವರ್ಷ ಹಾಳಾಗಿದೆ. ಆರು ತಿಂಗಳು ಯಾವ ಮಹಾ ಬಿಡಿ."

ಪರೀಕ್ಷಕರು ಹೆಗಲು ಕುಣಿಸಿ ಫೇಲ್ ಹಾಕಿದರು. ಮುಂದಿನ ಹೆಸರು ಕರೆದರು. ಕನ್ನಡಕದವಳು ಬಾಲ ಬಿಟ್ಟು ಗ್ಲೌಸು ಹಾಕಿಕೊಂಡಳು. ಅವಳ ಕೈ ಮೊಣಕೈ ದಾಟಲಿಲ್ಲ. "ನಾಲ್ಕು ತಿಂಗಳು ಸಾರ್" ಎಂದಳು, ನೆಲ ನೋಡುತ್ತ. "ಗುಡ್" ಎಂದರು ಪರೀಕ್ಷಕರು. ಉಳಿದ ಹುಡುಗಿಯರೂ ನಾಲ್ಕೇ ಅಂದರು. ಎಲ್ಲರೂ ಪಾಸಾದರು.

*

ಅವ್ವ ಮನೆಯಲ್ಲಿ ಮಾತು ಬಿಟ್ಟಳು. ಅನ್ನ ಬಡಿಸಿ ತಟ್ಟೆಯನ್ನು ಮಗಳ ಮುಂದೆ ತಳ್ಳುವಳು, ಗೋಡೆಗೆ ಮುಖ ಮಾಡಿ ಮಲಗುವಳು. ಸೊಂಟದ ನೋವಿಗೆ ನರಳುವುದನ್ನೂ ತಡೆದುಕೊಂಡಳು. ನರಳಿದ್ದರೆ ಮಗಳಿಗೆ ಇಷ್ಟು ಹಿಂಸೆಯಾಗುತ್ತಿರಲಿಲ್ಲ. ಮೂರನೆಯ ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ತಾನಾಗಿಯೇ ಕೇಳಿದಳು.

"ಒಂದು ಮಾತು ಹೇಳು. ಆ ಹಸು ಗಬ್ಬ ಇತ್ತಾ?"

"ಗೊತ್ತಿಲ್ಲ ಅವ್ವ."

"ಅವರ ಮುಂದೆ ಹಠಕ್ಕೆ ಹಂಗಂದೆ, ಸರಿ. ಈಗ ನನ್ನ ಹತ್ರ ಹೇಳು."

"ನಿಜವಾಗ್ಲೂ ಗೊತ್ತಿಲ್ಲ. ನನಗೆ ಬರಲ್ಲ ಅವ್ವ. ಒಂದು ದಿನವೂ ಹೇಳ್ಕೊಟ್ಟಿಲ್ಲ."

ಅವ್ವನ ಕೈಯಲ್ಲಿದ್ದ ಬಟ್ಟೆ ಕಲ್ಲಿನ ಮೇಲೆ ಹಾಗೇ ಉಳಿಯಿತು. ಮಗಳಿಗೆ ಎಲ್ಲ ಗೊತ್ತು, ಸೊಕ್ಕಿಗೆ ಹೇಳಲಿಲ್ಲ ಎಂದೇ ಅವಳು ಮೂರು ದಿನ ಹಲ್ಲು ಕಡಿದಿದ್ದಳು.

"ಐದು ವರ್ಷ" ಎಂದಳು ನಿಧಾನವಾಗಿ. "ಐದು ವರ್ಷ ನನ್ನ ಕಣ್ಣೆದುರಿಗೇ ನಿನ್ನ ಕೈಗೆ ಬಾಲ ಕೊಟ್ಟು ನಿಲ್ಲಿಸಿದ್ರು. ನಾನು ಬುಟ್ಟಿ ಹೊತ್ಕೊಂಡು ಹೋಗ್ತಾ ಬರ್ತಾ ನೋಡ್ತಿದ್ದೆ. ಓದು ಅಂದ್ರೆ ಹಂಗೇ ಇರುತ್ತೆ ಅನ್ಕೊಂಡಿದ್ದೆ ಕಣೇ. ನನ್ನ ಮಗಳು ಡಾಕ್ಟ್ರು ಓದ್ತಿದಾಳೆ ಅಂತ ಮಿಕ್ಕೋರಿಗೆ ತೋರಿಸ್ತಿದ್ದೆ."

ಬಟ್ಟೆಯನ್ನು ಕಲ್ಲಿಗೆ ಬಡಿದ ಬಡಿತಕ್ಕೆ ಅದು ಹರಿಯಿತು.

ಮರುವಾರ ಫೇಲಾದವರ ಪಾಠ ಶುರುವಾಯಿತು. ಫೇಲಾದವಳು ಅವಳೊಬ್ಬಳೇ. ದೊಡ್ಡ ಮೇಷ್ಟ್ರು ಅವಳಿಗೆಂದು ಬೇರೆ ಪಾಠ ಮಾಡಲಿಲ್ಲ. ಕಿರಿಯ ತರಗತಿಯ ಪ್ರಾಕ್ಟಿಕಲ್ ನಡೆಯುತ್ತಿದ್ದಲ್ಲಿಗೆ ಬರಹೇಳಿದರು. ಟ್ರೆವಿಸ್‌ನಲ್ಲಿ ಹಸು ನಿಂತಿತ್ತು. ಹೊಸ ಹುಡುಗರು ಗ್ಲೌಸು ಹಾಕುತ್ತಿದ್ದರು. ಹೊಸ ಹುಡುಗಿಯರು ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದರು.

"ಬಂದ್ಯಾ?" ಎಂದರು ಮೇಷ್ಟ್ರು, ಅವಳ ಮುಖ ನೋಡದೆ. "ಇವರು ಮಾಡೋದನ್ನ ನೋಡಿ ಕಲಿ. ಈ ಹುಡುಗೀರಿಗಿನ್ನೂ ಅಭ್ಯಾಸ ಇಲ್ಲ. ಅಭ್ಯಾಸ ಆಗೋವರೆಗೂ ನೀನು ಬಾಲ ಹಿಡ್ಕೋ."

"ಹಿಡಿಯಲ್ಲ ಸಾರ್."

"ಹಾಗಾದ್ರೆ ಕಲಿಸೋಕೂ ಆಗಲ್ಲ. ನಡಿ."

ಅವ್ವ ತುಂಬಿದ ಬುಟ್ಟಿ ಹೊತ್ತು ಗುಂಡಿಯ ಕಡೆ ಹೋಗುತ್ತಿದ್ದಳು. ನಿಂತಳು. ಸ್ವಲ್ಪ ಹೊತ್ತು ಹಾಗೇ ನಿಂತಳು, ತಲೆಯ ಮೇಲೆ ಭಾರ ಇಟ್ಟುಕೊಂಡೇ. ಆಮೇಲೆ ಬುಟ್ಟಿಯನ್ನು ತಲೆಯಿಂದ ಸೊಂಟಕ್ಕೆ, ಸೊಂಟದಿಂದ ಮೊಣಕಾಲಿಗೆ ಇಳಿಸಿ, ಮೇಷ್ಟ್ರು ನಿಂತಿದ್ದ ಸಿಮೆಂಟು ನೆಲದ ನಡುವೆ ಬೋರಲು ಹಾಕಿದಳು. ಹಸಿ ಸಗಣಿ ಹರಡಿಕೊಂಡಿತು. ಬೋರಲಾದ ಖಾಲಿ ಬುಟ್ಟಿಯನ್ನು ಪಕ್ಕಕ್ಕೆಳೆದು ಅದರ ಮೇಲೆ ಕೂತಳು.

"ಏಯ್, ಏನೇ ಇದು! ಏಳೇ ಮೇಲೆ!" ಮೇಸ್ತ್ರಿ ಓಡಿಬಂದ. ಅವ್ವ ಅವನ ಕಡೆ ನೋಡಲಿಲ್ಲ. ಇನ್ನೊಬ್ಬಳು, ಮೂಲೆಯಲ್ಲಿ ಸಲಿಕೆ ಎಳೆಯುತ್ತಿದ್ದವಳು, ಸಲಿಕೆಯನ್ನು ಗೋಡೆಗೆ ಒರಗಿಸಿ ಬಂದು ಪಕ್ಕದಲ್ಲಿ ಕುಕ್ಕರಿಸಿದಳು. ಏನು ಎತ್ತ ಎಂದು ಕೇಳಲಿಲ್ಲ. ಅವಳಿಗೂ ಮಗಳಿದ್ದಳು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಂದರು.

"ನಾಳೆ ಒಬ್ಬಳೂ ಇರಲ್ಲ ಇಲ್ಲಿ! ಬೇರೆಯವರನ್ನ ತರ್ತೀನಿ!" ಮೇಸ್ತ್ರಿ ಕಿರುಚಿದ. ತರಬಲ್ಲವನೇ ಅವನು. ಅದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು.

ದೊಡ್ಡ ಮೇಷ್ಟ್ರು ಪ್ಯಾಂಟು ಎತ್ತಿ ಹಿಡಿದು ಸಗಣಿ ದಾಟಲು ನೋಡಿದರು. ಆಗಲಿಲ್ಲ. "ಏನಮ್ಮಾ, ನಿನಗೂ ತಲೆ ಕೆಟ್ಟಿತಾ? ಏಳು. ಬಾಚು ಇದನ್ನ."

"ಹೆಂಗೆ ಬಾಚೋದು ಸಾರ್?" ಎಂದಳು ಅವ್ವ, ಕೂತಲ್ಲಿಂದಲೇ. "ಹೆಣ್ಣಿನ ಕೈಲಿ ಬಲ ಇಲ್ಲ ಅಂತ ನೀವೇ ಹೇಳ್ತೀರಲ್ಲ. ಇಷ್ಟು ವರ್ಷದಿಂದ ಕೇಳಿಸ್ಕೊಂಡಿದೀನಿ. ಇಲ್ದೇ ಇರೋ ಬಲದಲ್ಲಿ ಹೆಂಗೆ ಬಾಚೋದು? ಗಂಡಸರನ್ನ ಕರೀರಿ."

ಮೇಷ್ಟ್ರು ಹುಡುಗರ ಕಡೆ ನೋಡಿದರು. ಹುಡುಗರು ತಮ್ಮ ಗ್ಲೌಸಿನ ಕಡೆ ನೋಡಿಕೊಂಡರು. ಮಗಳು ಟ್ರೆವಿಸ್ ಬಿಟ್ಟು ಬಂದು ಅವ್ವನ ಪಕ್ಕ ನೆಲದ ಮೇಲೆ ಕೂತಳು. ಒಳಗೆ ಹಸುಗಳು ಸಗಣಿ ಹಾಕುತ್ತಲೇ ಇದ್ದವು. ಯಾರೂ ಏಳಲಿಲ್ಲ.